ಮೂಗಿನ ಇಲಾಖೆ

ಹಾಲಿಗೆ ಹೆಪ್ಪು ಹಾಕಲು ಲೈಸೆನ್ಸು ಬೇಕು ಎಂದು ಯಾರಾದರೂ ನಮ್ಮಜ್ಜಿಗೆ ಹೇಳಿದ್ದರೆ, ಮೊದಲು ತಲೆಗೆ ನಿಂಬೆಹಣ್ಣು ತಿಕ್ಕಿಸಿಕೊಂಡು ಬಾ ಎಂದು ಕಳಿಸುತ್ತಿದ್ದಳು. ನಮ್ಮ ಕಾಲಕ್ಕೆ ಅದೇ ಕಾಯ್ದೆಯಾಯಿತು. ಆ ಕಾಯ್ದೆಯನ್ನು ಜಾರಿ ಮಾಡುವ ಕಚೇರಿಯಲ್ಲೇ ನನಗೆ ನೌಕರಿ. ಅದರ ಪೂರ್ತಿ ಹೆಸರು ಸೂಕ್ಷ್ಮಜೀವಿ ಸ್ವತ್ತು ಜಾರಿ ನಿರ್ದೇಶನಾಲಯ. ಅಷ್ಟುದ್ದದ ಹೆಸರು ಹೇಳುವ ಪುರುಸೊತ್ತು ಹುಬ್ಬಳ್ಳಿಯ ಜನಕ್ಕೆ ಎಲ್ಲಿದೆ? ಮೂಗಿನ ಇಲಾಖೆ ಎಂದು ಕರೆದು ಸುಮ್ಮನಾದರು.

ಮೂಗು ಎಂದರೆ ಲೈಟಿನ ಕಂಬಗಳಿಗೆ ನೇತುಹಾಕಿರುವ ತೆಂಗಿನಕಾಯಿ ಗಾತ್ರದ ಬಿಳಿ ಡಬ್ಬಿ. ಶ್ವೇತಸಾರ ಎಂಬ ಕಂಪನಿ ಮೊಸರಿನ ಬ್ಯಾಕ್ಟೀರಿಯಾ ಒಂದನ್ನು ತಿದ್ದಿ ತನ್ನ ಹೆಸರಿಗೆ ನೋಂದಾಯಿಸಿಕೊಂಡಿತ್ತು. ತಿದ್ದುವಾಗಲೇ ಅದರೊಳಗೆ ಒಂದು ಗುರುತು ಸೇರಿಸಿತ್ತು. ಮನುಷ್ಯರಿಗೆ ಗೊತ್ತಾಗದ, ಯಂತ್ರಕ್ಕೆ ಮಾತ್ರ ತಿಳಿಯುವ ಒಂದು ವಾಸನೆಯನ್ನು ಅದು ಬಿಡುತ್ತದೆ. ಪ್ಯಾಕೆಟ್ಟಿನ ಮೊಸರಿನಲ್ಲಿ ಈ ವಾಸನೆಯನ್ನು ಅಡಗಿಸುವ ಪದಾರ್ಥವೊಂದನ್ನು ಬೆರೆಸಿರುತ್ತಾರೆ. ಹಾಗಾಗಿ ಪ್ಯಾಕೆಟ್ ಕತ್ತರಿಸಿ ತಿಂದರೆ ತೊಂದರೆಯಿಲ್ಲ. ಅದರಲ್ಲೇ ಒಂದು ಚಮಚ ತೆಗೆದು ಮರುದಿನದ ಹಾಲಿಗೆ ಹೆಪ್ಪು ಹಾಕಿದಿರೋ, ಆ ಪದಾರ್ಥ ತೆಳುವಾಗಿ ವಾಸನೆ ಎದ್ದುಬರುತ್ತದೆ. ಕಂಬದ ಮೇಲಿನ ಮೂಗು ಅದನ್ನು ಹಿಡಿಯುತ್ತದೆ. ನವನಗರದಲ್ಲಿ ನಾನು ಕೂರುವ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ನಿಮ್ಮ ಮನೆ ಕೆಂಪಾಗುತ್ತದೆ. ಪ್ಯಾಕೆಟ್ ಕೊಂಡವನು ಮೊಸರನ್ನು ಮಾತ್ರ ಕೊಂಡಿದ್ದಾನೆ, ಅದರ ಸಂತಾನವನ್ನಲ್ಲ ಎನ್ನುವುದು ಕಾಯ್ದೆಯ ತಿರುಳು. ಗುರುತಿಲ್ಲದ ಹಳೆಯ ಮನೆಹೆಪ್ಪಿಗೆ ಮಾತ್ರ ಲೈಸೆನ್ಸು ಬೇಡ.

ಕೆಂಪಾದ ಮನೆಯ ವಿಳಾಸ ಚೆನ್ನಮ್ಮ ಸರ್ಕಲ್ಲಿನ ದೊಡ್ಡ ಫಲಕದ ಮೇಲೂ ತಾನಾಗಿ ಮೂಡುತ್ತದೆ. ಜನರಿಗೆ ನಾಚಿಕೆಯಾಗಲಿ ಎಂದು ಆ ವ್ಯವಸ್ಥೆ ಮಾಡಿಸಿದವನು ನಮ್ಮ ಜಂಟಿ ನಿರ್ದೇಶಕ ಚನ್ನಬಸು ಯರಗಟ್ಟಿ. ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಮೆಲುದನಿ, ಯಾರನ್ನೂ ಏಕವಚನದಲ್ಲಿ ಕರೆಯದ ಬಾಯಿ. ಅಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

ನನ್ನವ್ವ ದಾಕ್ಷಾಯಣವ್ವ ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ ಎಲ್ಲ ಕಡೆ ಸಿಗುತ್ತದೆ, ಬದನೆಕಾಯಿ ಎಣ್ಣೆಗಾಯಿಯೂ ಸಿಗುತ್ತದೆ. ಜನ ಅಲ್ಲಿಗೆ ಬರುತ್ತಿದ್ದದ್ದು ಮೊಸರಿಗೆ. ಚೂರಿಯಿಂದ ಕೊಯ್ಯುವಂತಿದ್ದ ಮೊಸರು, ಹುಳಿಯ ಹಿಂದೆ ಒಂದು ಎಳೆ ಸಿಹಿ. ಅದರ ಹೆಪ್ಪನ್ನು ಅವ್ವನಿಗೆ ಅವಳ ಅತ್ತೆ ಕೊಟ್ಟದ್ದು, ಅತ್ತೆಗೆ ಅವಳ ಅತ್ತೆ ಕೊಟ್ಟದ್ದು. ಕೇಳಿದವರಿಗೆ ಅವ್ವ ಇಲ್ಲವೆಂದಿಲ್ಲ. ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಅದೇ ಹೆಪ್ಪು.

ಅವಳನ್ನು ಮುಳುಗಿಸಿದ್ದು ಒಂದು ಒಳ್ಳೆಯ ರೂಢಿ. ಪಾತ್ರೆ ಇಸಿದುಕೊಂಡವರು ಖಾಲಿ ಪಾತ್ರೆ ಮರಳಿಸಬಾರದು, ಏನಾದರೂ ಹಾಕಿಯೇ ಕೊಡಬೇಕು. ಎದುರುಮನೆಗೆ ಹೊಸದಾಗಿ ಬಂದ ಸೊಸೆ ಅವ್ವನ ಹತ್ತಿರ ಹೆಪ್ಪು ಒಯ್ದಿದ್ದಳು. ಬಟ್ಟಲು ಮರಳಿಸುವಾಗ ಮನೆಯಲ್ಲಿ ಬೇರೇನೂ ಇಲ್ಲವೆಂದು ಒಂದು ಚಮಚ ಪ್ಯಾಕೆಟ್ ಮೊಸರು ಹಾಕಿ ತಂದುಕೊಟ್ಟಳು. ಮರ್ಯಾದೆಯಿಂದ ಬಂದದ್ದನ್ನು ಚೆಲ್ಲಬಾರದೆಂದು ಅವ್ವ ಅದನ್ನು ತನ್ನ ಗಡಿಗೆಗೇ ಸುರಿದಳು. ಇಬ್ಬರದೂ ಒಳ್ಳೆಯ ಮನಸ್ಸೇ. ಮರುದಿನವೇ ಖಾನಾವಳಿ ಪರದೆಯ ಮೇಲೆ ಕೆಂಪಾಯಿತು.

ಯರಗಟ್ಟಿ ನನ್ನನ್ನು ಕರೆದು, "ನಿಮಗ ಮುಜುಗರ ಆಗೋದು ಬ್ಯಾಡ ಸುವರ್ಣಾ ಅವರ, ಇವತ್ತ ರಜಾ ತಗೋರಿ" ಎಂದ. ನಾನು ಮನೆ ಮುಟ್ಟುವಷ್ಟರಲ್ಲಿ ಟೀವಿಯವರ ಜೊತೆ ಅವನೇ ನನಗಿಂತ ಮೊದಲು ಬಂದು ನಿಂತಿದ್ದ.

ಅವ್ವ ಅವನನ್ನು ನೋಡಿದವಳೇ ಸೆರಗಿನಿಂದ ಕೈ ಒರೆಸಿಕೊಂಡಳು. "ನೀ ನಮ್ಮ ಚನ್ನಬಸು ಅಲ್ಲೇನೋ? ಇಲ್ಲೇ ಮೂಲ್ಯಾಗ ಕುಂತು ಉಣತಿದ್ದೆಲ್ಲ, ಕಾಲೇಜಿಗೆ ಹೋಗು ಮುಂದ?"

ನನಗೆ ಅದು ಗೊತ್ತಿರಲಿಲ್ಲ. ಅವನು ಕಚೇರಿಯಲ್ಲಿ ಎಂದೂ ಬಾಯಿ ಬಿಟ್ಟಿರಲಿಲ್ಲ. ಈಗಲೂ ಬಿಡಲಿಲ್ಲ, ಗಡಿಗೆಯ ಕಡೆ ಕೈ ತೋರಿಸಿದ. ಮೊಸರಿನ ಯಾವ ಜೀವಿಯೂ ಉಳಿಯದಂತೆ ಕೊಲ್ಲುವ ಔಷಧಿಯೊಂದಿದೆ. ಅದನ್ನು ಗಡಿಗೆಗೆ, ನೆಲುವಿಗೆ, ಒಲೆಯ ಕಟ್ಟೆಗೆ, ಗೋಡೆಗೆ ಹೊಡೆದರು. ಹೆಪ್ಪು ಹಂಚಿಕೊಂಡ ಓಣಿಯ ಎಲ್ಲ ಮನೆಗಳಿಗೂ ಹೊಡೆದರು. ಅವ್ವನ ಹಳೆಯ ಹೆಪ್ಪು, ಕಂಪನಿಯ ಹೊಸ ಹೆಪ್ಪು, ಎರಡೂ ಸತ್ತವು. ಕಂಪನಿಯದು ಅಂಗಡಿಯಲ್ಲಿ ಸಿಗುತ್ತದೆ.

ಆಮೇಲೆ ಯರಗಟ್ಟಿ ಕ್ಯಾಮೆರಾ ಕಡೆ ತಿರುಗಿ ಗ್ರಂಥದ ಕನ್ನಡದಲ್ಲಿ ಹೇಳಿದ: "ಬೌದ್ಧಿಕ ಸ್ವತ್ತು ಎಂದರೆ ಸ್ವತ್ತೇ. ಹೇಗೆ ಬಂತು ಎಂಬುದು ಮುಖ್ಯವಲ್ಲ, ಇದೆಯೋ ಇಲ್ಲವೋ ಎಂಬುದೇ ಮುಖ್ಯ. ನಾಳೆ ನನ್ನ ತಾಯಿಯ ಮನೆಯಲ್ಲಿ ಸಿಕ್ಕರೂ ಬಿಡುವುದಿಲ್ಲ."

ಅಷ್ಟಕ್ಕೇ ನಿಲ್ಲಲಿಲ್ಲ. ತಿಳಿದೂ ಇಂಥ ಮೊಸರು ತಿಂದವರೂ ಅಪರಾಧದಲ್ಲಿ ಪಾಲುದಾರರು ಎಂದು ಹೊಸ ಕಲಮು ಬರೆಸಿದ. ಅವತ್ತು ಖಾನಾವಳಿಗೆ ಜಡಿದ ಬೀಗವನ್ನು ಕೆಲವು ತಿಂಗಳ ಮೇಲೆ ತೆಗೆದರು. ಆದರೆ ಉಣ್ಣಲು ಯಾರು ಬಂದಾರು? ರೈಲ್ವೆ ವರ್ಕ್‌ಶಾಪಿನವರು, ಲಾರಿ ಚಾಲಕರು, ಲಾಡ್ಜಿನಲ್ಲಿ ತಂಗುವ ಮಾರಾಟ ಪ್ರತಿನಿಧಿಗಳು, ಎಲ್ಲರೂ ಅವ್ವನನ್ನು ಕಂಡರೆ ರಸ್ತೆಯ ಆಚೆಬದಿಗೆ ಹೋಗುತ್ತಿದ್ದರು.

ಅವ್ವ ಒಲೆ ಹೊತ್ತಿಸುವುದನ್ನೇ ಬಿಟ್ಟಳು. ನಾನು ಮಾಡಿಹಾಕಿದ್ದನ್ನು ಎರಡು ತುತ್ತು ತಿಂದು ಗೋಡೆ ನೋಡುತ್ತ ಕೂರುತ್ತಿದ್ದಳು. ಪ್ಯಾಕೆಟ್ ಮೊಸರು ತಂದರೆ, "ಸುಣ್ಣದ ನೀರು" ಎಂದು ಆಚೆ ನೂಕುತ್ತಿದ್ದಳು. ಒಮ್ಮೆ ಮಾತ್ರ ಮನಸ್ಸು ಬಿಚ್ಚಿದಳು. "ನನ್ನತ್ತಿ ನಂಬಿ ಕೊಟ್ಟಿದ್ಲು. ನನ್ನ ಕೈಯಾಗ ಸತ್ತಿತಲ್ಲಬೇ ಅದು."

ಅವಳ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಬೆಂಕಿಯಿತ್ತು. ಯರಗಟ್ಟಿಯ ಮುಖಕ್ಕೆ ಮಸಿ ಬಳಿಯಬೇಕು, ಅದೂ ಅವನದೇ ಕಾಯ್ದೆಯ ಮಸಿ ಎಂದು ಅವತ್ತೇ ತೀರ್ಮಾನಿಸಿದೆ. ತಾಯಿಯ ಮನೆ ಎಂದು ಅವನೇ ದಾರಿ ತೋರಿಸಿದ್ದ. ಪುಣ್ಯಾತ್ಮ.

ಅವನ ತಾಯಿ ಶಿವಗಂಗವ್ವ ಉಣಕಲ್ಲಿನಲ್ಲಿ ಮಗಳ ಜೊತೆ ಇದ್ದಳು. ಮಗಳು ನರ್ಸು, ಹಗಲೆಲ್ಲ ಆಸ್ಪತ್ರೆಯಲ್ಲಿ. ಒಂದು ಭಾನುವಾರ ಹೋಗಿ ಬಾಗಿಲು ತಟ್ಟಿದೆ. ಹೊರಬಂದವಳು ಸಣ್ಣಗಿನ ಮುದುಕಿ. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಚಾಳೀಸಿನ ಹಿಂದೆ ಚುರುಕು ಕಣ್ಣು.

"ಹಿಂದಿನ ಓಣಿಗೆ ಬಾಡಿಗಿಗೆ ಬಂದೇವ್ರಿ. ಹಾಲು ಕಾಸಿಟ್ಟೇನಿ, ಹೆಪ್ಪ ಇಲ್ಲ. ಒಂದೀಟು ಕೊಡತೀರೇನು?" ಎಂದೆ. ಸುಳ್ಳು ಹೇಳಲು ನನಗೇನೂ ಕಷ್ಟವಾಗಲಿಲ್ಲ.

ಅವಳು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಏನೂ ಕೇಳದೆ ಒಳಗೆ ಹೋಗಿ ಹಿತ್ತಾಳೆಯ ಬಟ್ಟಲಲ್ಲಿ ಹೆಪ್ಪು ತಂದಳು. "ಬೆಚ್ಚಗಿನ ಹಾಲಿಗೆ ಹಾಕು. ಸುಡು ಸುಡು ಇದ್ರ ಸಾಯತೈತಿ" ಎಂದಳು.

ನನಗೆ ಬೇಕಾದದ್ದು ಬಟ್ಟಲು, ಹೆಪ್ಪಲ್ಲ. ಬಟ್ಟಲು ಮರಳಿಸುವ ನೆಪದಲ್ಲಿ ಕಂಪನಿಯ ಹೆಪ್ಪನ್ನು ಹಾಕಿಕೊಡುವುದು ನನ್ನ ಯೋಜನೆ. ನಮ್ಮವ್ವ ಯಾವ ರೂಢಿಯಿಂದ ಕೆಟ್ಟಳೋ ಅವನ ಮನೆಯೂ ಅದರಿಂದಲೇ ಕೆಡಲಿ. ಮನೆಗೆ ಬಂದು ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅವ್ವ ಬಟ್ಟಲ ಮುಂದೆ ನಿಂತಿದ್ದಳು, ಬೆರಳು ಬಾಯಲ್ಲಿ.

"ಎಲ್ಲಿಂದ ತಂದಿ ಇದನ್ನ?"

"ಯಾಕವ್ವ?"

"ಇದು ನಮ್ಮ ಹೆಪ್ಪ."

ಹಂಬಲಕ್ಕೆ ನಾಲಿಗೆ ಹಾಗೆ ಹೇಳುತ್ತಿದೆ ಎಂದುಕೊಂಡೆ. ಆದರೂ ಮರುದಿನ ಒಂದು ಹನಿಯನ್ನು ಇಲಾಖೆಯ ಪ್ರಯೋಗಾಲಯಕ್ಕೆ ಒಯ್ದೆ. ಅವ್ವನ ಗಡಿಗೆಯ ಮೊಸರು ಸಾಕ್ಷಿಯ ಮಾದರಿಯಾಗಿ ನಮ್ಮ ಕಪಾಟಿನಲ್ಲೇ ಇತ್ತು. ಸಾಕ್ಷಿಗಿಡುವುದನ್ನು ಕುದಿಸಿ ಕೊಂದಿಟ್ಟಿರುತ್ತಾರೆ. ಅದರಿಂದ ಹೆಪ್ಪು ಹಾಕಲಾಗದು, ಆದರೆ ಜೀವಿಗಳ ವಂಶ ಓದಬಹುದು. ಎರಡು ಮಾದರಿಗಳನ್ನೂ ಓದುವ ಯಂತ್ರಕ್ಕೆ ಕೊಟ್ಟೆ. ಸಾಕ್ಷಿಯ ಮಾದರಿಯಲ್ಲಿ ಎರಡು ವಂಶಗಳಿದ್ದವು. ಒಂದು ಕಂಪನಿಯದು, ಇನ್ನೊಂದು ಅವ್ವನದು. ಮುದುಕಿಯ ಬಟ್ಟಲಲ್ಲಿ ಇದ್ದದ್ದು ಒಂದೇ, ಎರಡನೆಯದು. ಗುರುತಿಲ್ಲ, ಬೆರಕೆಯಿಲ್ಲ, ಜೀವಂತ. ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ ನಾನು ಕುರ್ಚಿಯಲ್ಲಿ ಕೂತು ಅತ್ತೆ. ಪಕ್ಕದ ಮೇಜಿನವರು ನೆಗಡಿಯೇ ಎಂದು ಕೇಳಿದರು. ಹೌದು ಎಂದೆ.

ಸಂಜೆ ಅವ್ವ ಒಲೆ ಹೊತ್ತಿಸಿದ್ದಳು. ಹಾಲು ಕಾಸಿ, ಬೆರಳದ್ದಿ ಬಿಸಿ ನೋಡಿ, ಹೆಪ್ಪು ಹಾಕಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿದ್ದಳು. ಬೆಳಿಗ್ಗೆ ಆ ಮೊಸರಿನಲ್ಲಿ ಅನ್ನ ಕಲಸಿ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು. ಹೆಪ್ಪು ಯಾರ ಮನೆಯದೆಂದು ಹೇಳಿದೆ.

"ಶಿವಗಂಗವ್ವಂದು? ಚನ್ನಬಸೂಗ ಟೈಫಾಯಿಡ್ ಆಗಿತ್ತಲ್ಲ, ಆವಾಗ ಆಕಿ ಊರಿಂದ ಬಂದು ನಮ್ಮಲ್ಲೇ ಉಳದಿದ್ಲು. ನಾನ ಗಂಜಿ ಕಾಸಿ ಕುಡಸತಿದ್ದೆ ಅಂವಗ. ಹೋಗು ಮುಂದ ಹೆಪ್ಪ ಒಯ್ದಿದ್ಲು. ಇನ್ನೂ ಕಾದಿಟ್ಟಾಳಲ್ಲ." ಅವ್ವ ನಕ್ಕಳು. "ಬಟ್ಟಲಾ ಖಾಲಿ ಕೊಡಬ್ಯಾಡ ಮತ್ತ."

ಹೆಪ್ಪು ಸಿಕ್ಕಿತು, ಅವ್ವ ಉಂಡಳು, ಇನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಸಿಟ್ಟು ಇಮ್ಮಡಿಯಾಯಿತು. ಗಂಜಿ ಕುಡಿಸಿದ ಕೈಯ ಮುಂದೆ ಔಷಧಿಯ ಕೊಳವೆ ಹಿಡಿಸಿ ನಿಂತಿದ್ದನಲ್ಲ, ಆ ಇಸ್ತ್ರಿಯ ಅಂಗಿಯವ!

ಕಂಬದ ಮೂಗುಗಳಿಗೆ ಪಾಠ ಹೇಳಲೆಂದು ಪ್ರಯೋಗಾಲಯದಲ್ಲಿ ಕಂಪನಿಯ ಬ್ಯಾಕ್ಟೀರಿಯಾದ ಮೊಸರನ್ನು ದಿನವೂ ಹೆಪ್ಪು ಹಾಕುತ್ತೇವೆ. ಅದರಲ್ಲಿ ಒಂದು ಚಮಚವನ್ನು ಗಾಳಿಯಾಡದ ಡಬ್ಬಿಗೆ ಹಾಕಿಕೊಂಡು ಉಣಕಲ್ಲಿಗೆ ಹೋದೆ. ಬಾಗಿಲ ಹೊರಗೆ ನಿಂತು ಹಿತ್ತಾಳೆ ಬಟ್ಟಲಿಗೆ ಬಗ್ಗಿಸಿಕೊಂಡು ಒಳಗೆ ಕಾಲಿಟ್ಟೆ.

ಶಿವಗಂಗವ್ವ ಬಟ್ಟಲು ತೆಗೆದುಕೊಂಡು, ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡಳು. "ಇದು ಪ್ಯಾಕೆಟಿಂದು."

ನಾನು ಬಾಗಿಲ ಕಡೆ ನೋಡಿದೆ.

"ದಾಕ್ಷಾಯಣಿ ಮಗಳಲ್ಲೇನ ನೀ? ಬಾಗಲ ತಗದ ಕೂಡಲೇ ಗೊತ್ತಾತು. ಅಕೀದೇ ಗದ್ದ, ಅಕೀದೇ ಹಣಿ. ಹೆಪ್ಪ ಹತ್ತಿತೇನು?"

"ಹತ್ತೇತ್ರಿ. ಅವ್ವ ಉಂಡ್ಲು." ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಿಮ್ಮ ಮಗನ್ನ ಹಾಳ ಮಾಡಾಕ ಬಂದೇನ್ರಿ ನಾ. ಅದನ್ನ ಚೆಲ್ಲಿಬಿಡ್ರಿ."

ಅವಳು ಚೆಲ್ಲಲಿಲ್ಲ, ಕೂತುಕೊಂಡಳು. ಬಟ್ಟಲು ಮಡಿಲಲ್ಲಿತ್ತು. "ಅಂವ ಟೀವ್ಯಾಗ ನನ್ನ ಹೆಸರ ತಗದ. ನಮ್ಮವ್ವನ ಮನಿ ಆದ್ರೂ ಬಿಡಂಗಿಲ್ಲ ಅಂದ. ನನ್ನ ಕೇಳಿ ಅಂದನೇನು? ದಾಕ್ಷಾಯಣಿ ಒಲಿ ಮುಂದ ನಿಂತು ಅಂದ. ಆಕಿ ಗಂಜಿ ಕುಡದ ಉಳದಾಂವ." ಬಟ್ಟಲಿನ ಅಂಚನ್ನು ಸೆರಗಿನಿಂದ ಒರೆಸಿದಳು. "ಅವತ್ತಿಂದ ನಾ ಅವನ ಸಂಗಾಟ ಮಾತಾಡಿಲ್ಲ. ಸಾಹೇಬಗ ಅದರ ಕಬರೂ ಇಲ್ಲ. ರೊಕ್ಕ ಕಳಸತಾನ, ಮುಗೀತು."

"ನಿಮ್ಮ ಮನೀಗೂ ಔಷಧಿ ಹೊಡೀತಾರ್ರಿ. ನಿಮ್ಮ ಹೆಪ್ಪಾನೂ ಸಾಯತೈತಿ."

"ನಿಮ್ಮ ಮನ್ಯಾಗ ಐತೆಲ್ಲ. ಬೇಕಂದಾಗ ಬಂದು ಒಯ್ತೇನಿ" ಎಂದು ಅವಳು ಎದ್ದಳು. ಹಾಲಿನ ಪಾತ್ರೆಯ ಮುಚ್ಚಳ ತೆಗೆದು, ಬಟ್ಟಲನ್ನು ಅದರಲ್ಲಿ ಬಗ್ಗಿಸಿ, ಬೆರಳಿನಿಂದ ಒರೆಸಿ ಒಂದು ಹನಿಯೂ ಉಳಿಯದಂತೆ ಹಾಕಿದಳು. "ನೀ ಹೋಗು. ಇದು ತಾಯಿ ಮಗನ ವ್ಯವಹಾರ. ನಿನ್ನ ಕೈ ಇದರಾಗ ಇಲ್ಲ."

ನನ್ನ ಸೇಡನ್ನು ಈ ಮುದುಕಿ ನನ್ನ ಕೈಯಿಂದ ಕಸಿದುಕೊಂಡಳು ಎಂದು ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ಬಸ್ಸು ಹತ್ತುವ ಹೊತ್ತಿಗೆ ಅದು ಹೋಗಿತ್ತು. ಗಟ್ಟಿಗಿತ್ತಿ, ನಮ್ಮವ್ವನ ಗೆಳತಿಯೇ ಸರಿ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಪರದೆಯ ಮೇಲೆ ಉಣಕಲ್ಲಿನ ಆ ಮನೆ ಕೆಂಪಾಯಿತು. ಮನೆಯ ಯಜಮಾನಿಯ ಹೆಸರು ದೊಡ್ಡದಾಗಿ ಮೂಡಿತು. ಕೊಠಡಿಯಲ್ಲಿದ್ದವರು ಊಟದ ಡಬ್ಬಿ ಮುಚ್ಚಿದರು. ಯರಗಟ್ಟಿ ತನ್ನ ಗಾಜಿನ ಕೋಣೆಯಿಂದ ಹೊರಬಂದು ನನ್ನ ಬೆನ್ನ ಹಿಂದೆ ನಿಂತು ಓದಿದ.

"ಸೆನ್ಸರ್ ತಪ್ಪಿರಬೇಕ್ರಿ. ತಗದುಬಿಡ್ರಿ ಸುವರ್ಣಾ ಅವರ" ಎಂದ.

"ಸರ್ಕಲ್ಲಿನ ಫಲಕದ ಮ್ಯಾಲೆ ಆಗಲೇ ಹೋತ್ರಿ ಸಾಹೇಬ್ರ" ಎಂದೆ. ನಾನು ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನಗು ತಡೆಯಲಾಗುತ್ತಿರಲಿಲ್ಲ.

ಫೋನುಗಳು ಹೊಡೆದುಕೊಳ್ಳತೊಡಗಿದವು. ಟೀವಿಯವರಿಗೆ ಅವನು ಅಂದ ಮಾತು ನೆನಪಿತ್ತು. ಇಂಥ ಮಾತನ್ನು ಅವರು ಮರೆಯುವುದುಂಟೇ? ಬೇರೆ ದಾರಿ ಕಾಣದೆ ಯರಗಟ್ಟಿ ತಾನೇ ದಳದ ಜೊತೆ ಹೊರಟ. ದಳದ ಇನ್‌ಸ್ಪೆಕ್ಟರ್ ಮಠಪತಿಯ ಎದೆಗೆ ಕ್ಯಾಮೆರಾ ಇರುತ್ತದೆ, ಸೊಂಟಕ್ಕೆ ಕೈಮೂಗು ಎಂಬ ಸಣ್ಣ ಯಂತ್ರ. ಎರಡೂ ನೇರ ನನ್ನ ಮೇಜಿಗೆ ಜೋಡಣೆ. ಹೀಗಾಗಿ ಮುಂದಿನದೆಲ್ಲವನ್ನೂ ನಾನು ಕೂತಲ್ಲಿಂದಲೇ ಕಂಡೆ.

ಬಾಗಿಲು ತೆರೆದೇ ಇತ್ತು. ಹೊರಗೆ ಓಣಿಯ ಜನ, ಟೀವಿಯವರು. ಒಳಗೆ ಶಿವಗಂಗವ್ವ ಮಣೆ ಹಾಕಿ, ತಾಟಿನಲ್ಲಿ ಅನ್ನ, ಶೇಂಗಾ ಚಟ್ನಿ ಬಡಿಸಿಕೊಂಡು ಕಾದಿದ್ದಳು. ಪಕ್ಕದಲ್ಲಿ ಮೊಸರಿನ ಗಡಿಗೆ. ಮಠಪತಿಯ ಕೈಮೂಗು ಹೊಸ್ತಿಲಲ್ಲೇ ಚೀಂಗುಟ್ಟಲು ಶುರುಮಾಡಿತು.

"ಯವ್ವಾ, ಇದೆಲ್ಲಿಂದ ಬಂತು?" ಯರಗಟ್ಟಿಯ ದನಿ ಸಣ್ಣದಾಗಿತ್ತು.

"ಹೆಂಗ ಬಂತು ಅನ್ನೂದು ಮುಖ್ಯ ಅಲ್ಲಂತಲ್ಲೋ. ಕುಂದರು, ಉಣ್ಣು."

"ಇದನ್ನ ತಿನ್ನಂಗಿಲ್ಲ ಯವ್ವಾ. ತಿಂದವರದೂ ತಪ್ಪಾಗತೈತಿ."

"ಗೊತ್ತೈತಿ. ನೀನ ಬರಸೀಯಂತ." ಅವಳು ಮೊಸರು ಬಡಿಸಿದಳು. "ಎರಡ ದಾರಿ ಅದಾವ. ಔಷಧಿ ಹೊಡ್ಯಾಕ ಬಂದ ಸಾಹೇಬ ಆಗಿದ್ರ ಹೊಡಿ, ಈ ತಾಟಿಗೂ ಹೊಡಿ, ಹೊಡದು ನಡಿ. ಇನ್ನ ಮ್ಯಾಲ ಈ ಮನಿಗೆ ಬರಬ್ಯಾಡ. ಮಗಾ ಆಗಿದ್ರ ಕುಂತು ಉಣ್ಣು. ಹಸದ ಮಗನ್ನ ಬಾಗಲದಿಂದ ಉಪವಾಸ ಕಳಸಿದಾಕಿ ನಾ ಅಲ್ಲ. ದಾಕ್ಷಾಯಣೀನೂ ಅಲ್ಲ."

ಅವನು ನಿಂತೇ ಇದ್ದ. ಔಷಧಿ ಹೊಡೆಯುವ ಸಿಬ್ಬಂದಿ ಕೊಳವೆಯನ್ನು ಮುಂದೆ ಚಾಚಿದ್ದ, ಆಜ್ಞೆಗೆ ಕಾಯುತ್ತಿದ್ದ. ಹೊಡೆಯುತ್ತಾನೆ ಎಂದೇ ನಾನು ತಿಳಿದಿದ್ದೆ. ಹೊಡೆಯಲಿ ಎಂದು ಬಯಸಿದ್ದೆ ಕೂಡ. ತಾಯಿಯ ತಾಟಿಗೆ ಔಷಧಿ ಹೊಡೆದವನೆಂದು ಊರೆಲ್ಲ ಉಗುಳಲಿ.

ಯರಗಟ್ಟಿ ಬೂಟು ಬಿಚ್ಚಿದ. ಮಣೆಯ ಮೇಲೆ ಕೂತ. ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟ. ಎರಡನೆಯ ತುತ್ತಿಗೆ ತಲೆ ತಗ್ಗಿಸಿದ. ಆಮೇಲೆ ತಲೆ ಎತ್ತಲಿಲ್ಲ, ಹುಡುಗರು ಉಣ್ಣುವಂತೆ ಗಬಗಬ ಉಣ್ಣತೊಡಗಿದ. ಅವನ ಭುಜ ಅಲುಗುತ್ತಿತ್ತು. ಶಿವಗಂಗವ್ವ ಮತ್ತೆ ಮೊಸರು ಬಡಿಸಿದಳು, ಬೆನ್ನ ಮೇಲೆ ಕೈಯಾಡಿಸಿದಳು. ಆದರೆ ಒಂದು ಸಮಾಧಾನದ ಮಾತನ್ನೂ ಆಡಲಿಲ್ಲ.

ಕೈಮೂಗು ಚೀಂಗುಟ್ಟುವ ಲಯ ಬದಲಾಯಿತು. ಮನುಷ್ಯರ ಉಸಿರಿನಲ್ಲಿ ವಾಸನೆ ಸಿಕ್ಕಾಗ ಅದು ಹಾಗೆ ಕೂಗುತ್ತದೆ. ನನ್ನ ಪರದೆಯ ಮೇಲೆ ಮನೆಯ ಪಕ್ಕದಲ್ಲಿ ಒಂದು ಹೆಸರು ಮೂಡಿತು: ಚನ್ನಬಸು ಯರಗಟ್ಟಿ, ಪಾಲುದಾರ ಅಪರಾಧಿ. ಕೆಳಗೆ, ನೋಟಿಸ್ ಜಾರಿ ಮಾಡಬೇಕೇ ಎಂಬ ಪ್ರಶ್ನೆ. ಇಲಾಖೆಯ ನೌಕರನ ಮೇಲೆ ಈ ನೋಟಿಸ್ ಜಾರಿಯಾದರೆ ಅಲ್ಲಿಂದಲೇ ಅವನು ನೌಕರನಲ್ಲ. ಸುಳ್ಳು ಎಚ್ಚರಿಕೆ ಎಂದು ಒತ್ತಿದರೆ ಹೆಸರು ಅಳಿಸಿಹೋಗುತ್ತದೆ. ಅದು ನನ್ನ ಅಧಿಕಾರದಲ್ಲೇ ಇತ್ತು, ಯಾರೂ ಕೇಳುತ್ತಿರಲಿಲ್ಲ.

ಮಠಪತಿ ವೈರ್‌ಲೆಸ್‌ನಲ್ಲಿ ಪಿಸುಗುಟ್ಟಿದ. "ಮೇಡಂ, ಸಾಹೇಬ್ರ ಹೆಸರು ಬರಾಕತ್ತೈತ್ರಿ. ಏನ ಮಾಡೂಣ್ರಿ?"

ನನಗೆ ಕನಿಕರ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಆ ಬಗ್ಗಿದ ಕತ್ತನ್ನು ನೋಡಿಯೇ ಬಂತು. ಆ ಕನಿಕರವನ್ನು ಪಕ್ಕಕ್ಕಿಟ್ಟು ಗುಂಡಿ ಒತ್ತಿದೆ. ಮಠಪತಿಯ ಸೊಂಟದ ಯಂತ್ರದಿಂದ ನೋಟಿಸಿನ ಚೀಟಿ ಹೊರಬರುವ ಸದ್ದು ನನಗೂ ಕೇಳಿಸಿತು.

"ಕೊಡ್ರಿ ಅವರಿಗೆ. ಆದ್ರ ಈಗ ಬ್ಯಾಡ," ಎಂದೆ. "ಉಣ್ಣಾಕ ಕುಂತಾರ. ಉಂಡು, ಕೈ ತೊಳಕೊಂಡ ಮ್ಯಾಲ ಕೊಡ್ರಿ."